ಉಬ್ಬರದ ಗೆರೆಯಿಂದ ನೂರ ನಲವತ್ತು ಮೀಟರ್

ಜೂನ್ ಹದಿನಾರು, ಸೋಮವಾರ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅಂಚೆಯವನು ಕರೆಗಂಟೆ ಒತ್ತಿದಾಗ ಲೀಲಾ ಕೂಲರಿಗೆ ನೀರು ತುಂಬುತ್ತಿದ್ದಳು. ರಿಜಿಸ್ಟರ್ಡ್ ಲಕೋಟೆ. ವಿಳಾಸದಲ್ಲಿ ಅತ್ತೆ ಸೀತಮ್ಮನ ಹೆಸರು, ಕೆಳಗೆ ಆರ್.ಕೆ. ಪುರಂ ಕ್ವಾರ್ಟರ್ಸಿನ ನಂಬರು, ಎಡಮೂಲೆಯಲ್ಲಿ ಊರಿನ ಕಡೆಯ ಕರಾವಳಿ ಸಮಿತಿಯ ಮೊಹರು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಸಹಿ ಹಾಕಿದಳು. ಫ್ಯಾನಿನ ಗಾಳಿಗೆ ಹಾರದಿರಲೆಂದು ಲಕೋಟೆಯ ಮೇಲೆ ಉಪ್ಪಿನಕಾಯಿ ಜಾಡಿ ಇಟ್ಟಳು. ಸರ್ಕಾರಿ ಲಕೋಟೆ ಒಡೆಯುವುದು ಆ ಮನೆಯಲ್ಲಿ ಗಂಡನ ಕೆಲಸ. ಮೂವತ್ತೊಂದು ವರ್ಷದ ಸಂಸಾರದಲ್ಲಿ ಅವಳು ಒಂದನ್ನೂ ಒಡೆದಿರಲಿಲ್ಲ.

ಚಂದ್ರಮೋಹನ ತಾಯಿಯ ಬಿ.ಪಿ. ಮಾತ್ರೆ ತರಲು ಡಿಸ್ಪೆನ್ಸರಿಗೆ ಹೋಗಿದ್ದ. ಗುಮಾಸ್ತನಾಗಿ ಸೇರಿ, ಮೂವತ್ತಾರು ವರ್ಷ ಕಡತಗಳ ಮಧ್ಯೆ ಕಳೆದು, ಅಂಡರ್ ಸೆಕ್ರೆಟರಿಯಾಗಿ ಜನವರಿ ಮೂವತ್ತೊಂದಕ್ಕೆ ನಿವೃತ್ತನಾದವನು. ನಿಯಮದ ಪ್ರಕಾರ ಕ್ವಾರ್ಟರ್ಸನ್ನು ಆರು ತಿಂಗಳು ಇಟ್ಟುಕೊಳ್ಳಬಹುದು. ಜುಲೈ ಮೂವತ್ತೊಂದಕ್ಕೆ ಬೀಗದ ಕೈ ಒಪ್ಪಿಸಬೇಕು. ದೆಹಲಿಯಲ್ಲಿ ಅವರು ಸ್ವಂತ ಮನೆ ಮಾಡಿಕೊಂಡಿರಲಿಲ್ಲ. ಅದರ ಅಗತ್ಯವಿಲ್ಲ ಎಂದು ಚಂದ್ರಮೋಹನ ಹೇಳುತ್ತ ಬಂದಿದ್ದ. ಊರಲ್ಲಿ ಮನೆ ಇತ್ತು.

ಊರೆಂದರೆ ಕುಂದಾಪುರದ ಉತ್ತರಕ್ಕೆ ಕಡಲಂಚಿನ ಪಡುಗೋಳಿ. ಅಲ್ಲಿ ಸೀತಮ್ಮನ ಹೆಸರಿನಲ್ಲಿ ಹನ್ನೊಂದು ಸೆಂಟ್ಸ್ ಜಾಗ, ಅದರಲ್ಲಿ ಹಳೆಯ ಹೆಂಚಿನ ಮನೆ. ಗಂಡ ತೀರಿಕೊಂಡ ಮೇಲೆ, 2009ರಲ್ಲಿ, ಸೀತಮ್ಮ ಬೀಗ ಹಾಕಿ ಮಗನ ಜೊತೆ ದೆಹಲಿಗೆ ಬಂದಿದ್ದಳು. ಜಾಗ ಉಬ್ಬರದ ಗೆರೆಯಿಂದ, ಅಂದರೆ ತುಂಬು ಉಬ್ಬರದಲ್ಲಿ ಕಡಲ ನೀರು ಮುಟ್ಟುವ ಗುರುತಿನಿಂದ, ನೂರ ನಲವತ್ತು ಮೀಟರ್ ದೂರ. ಅಂಥ ಊರುಗಳಲ್ಲಿ ಆ ಗೆರೆಯಿಂದ ಇನ್ನೂರು ಮೀಟರಿನೊಳಗೆ ಹೊರಗಿನವರು ಹೊಸ ಮನೆ ಕಟ್ಟುವಂತಿಲ್ಲ. ಮೂವತ್ತಾರು ವರ್ಷ ದೆಹಲಿಯಲ್ಲಿದ್ದವನು ಸ್ಥಳೀಯ ಎನ್ನುವಂತೆಯೂ ಇಲ್ಲ. ಆದರೆ ಮೊದಲೇ ಇದ್ದ ಮನೆಯನ್ನು ಅದೇ ಪಾಯದ ಮೇಲೆ, ಅದೇ ಅಳತೆಯಲ್ಲಿ ಮತ್ತೆ ಕಟ್ಟಲು ಅನುಮತಿ ಸಿಗುತ್ತದೆ. ಈ ಒಂದು ಅವಕಾಶವನ್ನು ನಂಬಿ ಚಂದ್ರಮೋಹನ ಫೆಬ್ರವರಿಯಲ್ಲಿ ಕರಾವಳಿ ಸಮಿತಿಗೆ ನಲವತ್ತೆರಡು ಪುಟದ ಅರ್ಜಿ ಕಳಿಸಿದ್ದ. ಅದರ ನಿಯಮಗಳನ್ನು ಊಟದ ಹೊತ್ತಿನಲ್ಲಿ ಎಷ್ಟು ಸಲ ವಿವರಿಸಿದ್ದನೆಂದರೆ ಮಗಳು ಹರಿಣಿ ಅವನ ದನಿಯಲ್ಲೇ ಅದನ್ನು ಒಪ್ಪಿಸುತ್ತಿದ್ದಳು.

ಅವನು ಬಂದು, ಚಪ್ಪಲಿ ಕಳಚಿ, ಕತ್ತರಿಯಿಂದ ಲಕೋಟೆಯ ಅಂಚು ಕತ್ತರಿಸಿದ. ಮೊದಲ ಸಲ ನಿಂತೇ ಓದಿದ. ಎರಡನೆಯ ಸಲ ಕೂತು ಓದಿದ.

ದಿವಾನಿನ ಮೇಲೆ ಬೆಳ್ಳುಳ್ಳಿ ಸುಲಿಯುತ್ತಿದ್ದ ಸೀತಮ್ಮ ತಲೆಯೆತ್ತದೆ ಕೇಳಿದಳು. "ಬಂತಾ?"

"ಬಂತು."

"ಯಾವಾಗಿಂದ ಕೆಲಸ ಶುರು ಮಾಡ್ಬಹುದಂತೆ?"

"ಆಗೋದಿಲ್ಲ ಅಂದಿದ್ದಾರೆ ಅಮ್ಮ."

ಆದೇಶದ ನಾಲ್ಕನೆಯ ಕಂಡಿಕೆಯಲ್ಲಿ ಕಾರಣವಿತ್ತು. ಅದನ್ನು ಅವನು ಗಟ್ಟಿಯಾಗಿ ಓದತೊಡಗಿ, ಅರ್ಧಕ್ಕೆ ದನಿ ತಗ್ಗಿಸಿದ. ನಿವೇಶನದ ಮಾಲೀಕರು 2021ರ ಜೂನ್ 11ರಂದು ಪಂಚಾಯತಿಗೆ ಬರೆದ ಪತ್ರದಲ್ಲಿ ಸದರಿ ಜಾಗದಲ್ಲಿ ವಾಸದ ಕಟ್ಟಡ ಇಲ್ಲವೆಂದು ತಾವೇ ತಿಳಿಸಿದ್ದಾರೆ; ಆ ಪತ್ರದ ಆಧಾರದ ಮೇಲೆ ಮನೆಯ ಹೆಸರನ್ನು ತೆರಿಗೆ ಪಟ್ಟಿಯಿಂದಲೂ ತೆಗೆಯಲಾಗಿದೆ; ಆದ್ದರಿಂದ ಇದು ಇದ್ದ ಮನೆಯ ಮರುನಿರ್ಮಾಣವಲ್ಲ, ಹೊಸ ನಿರ್ಮಾಣ. ಆದೇಶದ ದಿನಾಂಕವಾದ ಜೂನ್ ಒಂಬತ್ತರಿಂದ ಮೂವತ್ತು ದಿನದೊಳಗೆ, ಅಂದರೆ ಜುಲೈ ಒಂಬತ್ತರ ಕಚೇರಿ ವೇಳೆಯೊಳಗೆ, ಮರುಪರಿಶೀಲನೆ ಕೇಳಬಹುದು. ಜೊತೆಗೆ ಆ ಪತ್ರದ ಜೆರಾಕ್ಸ್ ಇತ್ತು. ಕೊನೆಯಲ್ಲಿ ದುಂಡು ಅಕ್ಷರದ ಸಹಿ: ಸೀತಮ್ಮ.

ಸೀತಮ್ಮ ಏಳನೆಯ ತರಗತಿಯವರೆಗೆ ಓದಿದವಳು. ಭೂತಗನ್ನಡಿ ತರಿಸಿಕೊಂಡು ಜೆರಾಕ್ಸನ್ನು ಸಾಲು ಸಾಲಾಗಿ ಓದಿದಳು. ಹತ್ತು ನಿಮಿಷ ಹಿಡಿಯಿತು. ಒಲೆಯ ಮೇಲೆ ಕುಕ್ಕರ್ ಮೂರು ಸಲ ಕೂಗಿತು. ಲೀಲಾ ಹೋಗಿ ಆರಿಸಿ ಬಂದಳು.

"ಲೀಲಾ," ಎಂದಳು ಸೀತಮ್ಮ. "ಇದು ಹೆಂಚಿನ ಕಾಗದ ಅಲ್ವಾ?"

"ಯಾವ ಹೆಂಚು?" ಎಂದ ಚಂದ್ರಮೋಹನ.

ಆ ಜೂನ್ ತಿಂಗಳನ್ನು ಲೀಲಾ ಮರೆತಿರಲಿಲ್ಲ. ಮೇ ತಿಂಗಳಲ್ಲಿ ಕರಾವಳಿಗೆ ಚಂಡಮಾರುತ ಬಡಿದಿತ್ತು. ಹಾನಿಗೀಡಾದ ಮನೆಗಳ ಪರಿಹಾರದ ಪಟ್ಟಿ ತಯಾರಾದಾಗ, ಪಡುಗೋಳಿಯ ನೆರೆಮನೆಯ ಹಂಸಾ ಒಳ್ಳೆಯ ಮನಸ್ಸಿನಿಂದಲೇ ಸೀತಮ್ಮನ ಮನೆಯ ಹೆಸರನ್ನೂ ಬರೆಸಿದ್ದಳು. ಫೋನಿನಲ್ಲಿ ಸುದ್ದಿ ಕೇಳಿದ ಚಂದ್ರಮೋಹನನ ಮುಖ ಬಿಳಿಚಿಕೊಂಡಿತು. ಅಂಡರ್ ಸೆಕ್ರೆಟರಿ ಬಡ್ತಿಗೆ ಅವನ ಹೆಸರು ಆಗ ವಿಜಿಲೆನ್ಸ್ ವಿಭಾಗದ ಪರಿಶೀಲನೆಯಲ್ಲಿತ್ತು. ಹನ್ನೆರಡು ವರ್ಷದಿಂದ ಯಾರೂ ವಾಸವಿಲ್ಲದ ಮನೆಗೆ ತಾಯಿಯ ಹೆಸರಲ್ಲಿ ಪರಿಹಾರ ಪಡೆದರೆ, ಯಾರಾದರೂ ಒಂದು ಮೂಗರ್ಜಿ ಹಾಕಿದರೆ ಸಾಕು. ಅವನು ಮನೆ ನೋಡಿ ಐದು ವರ್ಷವಾಗಿತ್ತು. ಊರಿನ ಯಾರೋ ಫೋನಿನಲ್ಲಿ ಮಾಡು ಪೂರ್ತಿ ಹೋಗಿದೆ, ಏನೂ ಉಳಿದಿಲ್ಲ ಎಂದಿದ್ದರು. ಅದನ್ನೇ ನಂಬಿ, ಪಟ್ಟಿಯಿಂದ ತಕ್ಷಣ ಹೆಸರು ತೆಗೆಯಬೇಕೆಂದು ಒಂದೂವರೆ ಪುಟದ ಕಾಗದ ಬರೆದ. 'ಸದ್ಯ ಸದರಿ ನಿವೇಶನದಲ್ಲಿ ವಾಸದ ಕಟ್ಟಡ ಎಂಬುದು ಇರುವುದಿಲ್ಲ' ಎಂಬ ವಾಕ್ಯಕ್ಕೆ ಕೆಳಗೆರೆ ಎಳೆದ. ಅಮ್ಮನಿಗೆ ಓದಿ ಹೇಳಿ ಸಹಿ ಮಾಡಿಸು ಎಂದು ಲೀಲಾಳ ಕೈಗೆ ಕೊಟ್ಟು ಆನ್‌ಲೈನ್ ಮೀಟಿಂಗಿಗೆ ಕೂತ. ಪರಿಹಾರದ ಪಟ್ಟಿಗಷ್ಟೇ ಸಂಬಂಧಿಸಿದ ಕಾಗದವೆಂದು ಆಮೇಲೆ ಅದನ್ನು ಮರೆತೂಬಿಟ್ಟ.

ಸೀತಮ್ಮ ಆಗ ಕೋವಿಡ್ ಬಂದು ಹತ್ತೊಂಬತ್ತು ದಿನ ಮಲಗಿ ಎದ್ದಿದ್ದಳು. ಕೂರಿಸಿದರೆ ಕೂರುವಳು, ಮಲಗಿಸಿದರೆ ಮಲಗುವಳು. ಕಾಗದ ಯಾವುದರದ್ದು ಎಂದು ಕೇಳಿದಳು. ಮನೆ ಇಲ್ಲವೆಂದು ಬರೆದಿದೆ ಎನ್ನಲು ಲೀಲಾಳಿಗೆ ಬಾಯಿ ಬರಲಿಲ್ಲ. ಹೇಳಿದರೆ ಅಳು, ಪ್ರಶ್ನೆ, ಊಟ ಬೇಡವೆನ್ನುವುದು. ಒಲೆಯ ಮೇಲೆ ಹಾಲಿತ್ತು. ಹೆಂಚಿನದು ಅತ್ತೆ, ಗಾಳಿಗೆ ಹಾರಿದ ಹೆಂಚು ಹಾಕಿಸಲಿಕ್ಕೆ, ಎಂದುಬಿಟ್ಟಳು. ಸೀತಮ್ಮ ರಟ್ಟಿನ ಮೇಲೆ ಕಾಗದವಿಟ್ಟು, ಸಹಿ ಮಾಡಿ, ಮಂಗಳೂರು ಹೆಂಚೇ ಹಾಕಿಸಲು ಹೇಳು ಎಂದಿದ್ದಳು.

ಈಗ ಇಬ್ಬರ ಮುಂದೆ ಲೀಲಾ ಅಷ್ಟನ್ನೂ ಹೇಳಿದಳು. ಹೇಳಲು ಎರಡು ನಿಮಿಷವೂ ಬೇಕಾಗಲಿಲ್ಲ.

"ಓದಿ ಹೇಳು ಅಂದಿದ್ದೆ," ಎಂದ ಚಂದ್ರಮೋಹನ.

"ನೀವೇ ಹೇಳ್ಬಹುದಿತ್ತು. ನಿಮ್ಮ ಅಮ್ಮ. ನಿಮ್ಮ ಕಾಗದ."

"ನಾನು ನಿನ್ನ ಮೇಲೆ ನಂಬಿಕೆ ಇಟ್ಟೆ."

"ಹೌದು, ಕಷ್ಟದ ಮಾತು ಆಡೋಕೆ ಮಾತ್ರ ನಂಬಿಕೆ."

ಸೀತಮ್ಮ ಸುಲಿದ ಬೆಳ್ಳುಳ್ಳಿಯನ್ನು ಬಟ್ಟಲಿಗೆ ಹಾಕಿ ಸಿಪ್ಪೆಯನ್ನು ಅಂಗೈಯಲ್ಲಿ ಒಟ್ಟು ಮಾಡಿದಳು. "ನಿಂಗೆ ಆ ಮನೆ ಯಾವತ್ತು ಬೇಕಿತ್ತು ಲೀಲಾ? ತುಮಕೂರಿನವಳು. ಬಂದಾಗೆಲ್ಲ ಉಪ್ಪು ಗಾಳಿ, ಮೈ ಅಂಟು ಅಂತ ಮೂರನೇ ದಿನಕ್ಕೇ ಟಿಕೆಟ್ ನೋಡ್ತಿದ್ದೆ."

ಅದು ಸುಳ್ಳಾಗಿರಲಿಲ್ಲ. ಅಂದಿನ ಊಟಕ್ಕೆ ಮೂವರೂ ಕೂತರು; ಸಾರು ಹಾಗೇ ಉಳಿಯಿತು.

ಮರುದಿನದಿಂದ ಸೀತಮ್ಮ ತನ್ನ ಗಂಜಿಯನ್ನು ತಾನೇ ಬೇಯಿಸಿಕೊಳ್ಳತೊಡಗಿದಳು. ಎಂಬತ್ತನಾಲ್ಕರ ಹೆಂಗಸು ಹನ್ನೊಂದು ಗಂಟೆಗೆ, ಲೀಲಾಳ ಅಡುಗೆ ಮುಗಿಯುವ ಮೊದಲು, ಗೋಡೆ ಹಿಡಿದು ಬಂದು ಕುಚ್ಚಲಕ್ಕಿ ತೊಳೆದು ಒಲೆಗೇರಿಸುವಳು. ಚಟ್ನಿಯನ್ನೂ ಮುಟ್ಟುತ್ತಿರಲಿಲ್ಲ, ಉಪ್ಪು ಹಾಕಿಕೊಂಡು ಉಣ್ಣುವಳು. ಮಾತು ನಿಲ್ಲಿಸಿರಲಿಲ್ಲ. ನೀರು ಬಂತಾ, ಹಾಲಿನವನು ಹೋದನಾ, ಎಂದು ಕೇಳುತ್ತಿದ್ದಳು. ಬೇರೆ ಏನನ್ನೂ ಕೇಳುತ್ತಿರಲಿಲ್ಲ. ನಲವತ್ತಾರು ಡಿಗ್ರಿ ಬಿಸಿಲಿಗೆ ಅಡುಗೆಮನೆ ಕಾದ ಬಾಣಲೆಯಂತಿತ್ತು. ಒಲೆಯ ಮುಂದೆ ನಿಂತ ಮುದುಕಿಯ ಬೆನ್ನಿಗೆ ಲೀಲಾ ಟೇಬಲ್ ಫ್ಯಾನ್ ತಿರುಗಿಸಿಡುವಳು.

ಹರಿಣಿಗೆ ಇಪ್ಪತ್ತೇಳು. ಓಖ್ಲಾದ ಸಿದ್ಧ ಉಡುಪು ರಫ್ತು ಕಂಪನಿಯೊಂದರಲ್ಲಿ ವಿದೇಶಿ ಆರ್ಡರುಗಳನ್ನು ನೋಡಿಕೊಳ್ಳುತ್ತಿದ್ದಳು. ಕನ್ನಡ ಪೂರ್ತಿ ತಿಳಿಯುತ್ತಿತ್ತು, ಮಾತು ಮಾತ್ರ ಅರ್ಧಕ್ಕೆ ಹಿಂದಿಗೆ ಜಾರುತ್ತಿತ್ತು. ಆ ವಾರದ ಕೊನೆಗೆ ಅವಳು ಪಡುಗೋಳಿಯ ಹಂಸಾಳಿಗೆ ತಾನೇ ಫೋನ್ ಮಾಡಿ, ಆಗಿನ ಫೋಟೊ ಏನಾದರೂ ಇದೆಯೇ ಎಂದು ಕೇಳಿದಳು. ಚಂಡಮಾರುತ ಹೋದ ಮರುದಿನ ಹಂಸಾಳ ಮಗ ಸುತ್ತಲಿನದೆಲ್ಲ ತೆಗೆದಿಟ್ಟಿದ್ದ. ಏಳು ಫೋಟೊ ಬಂದವು.

ಭಾನುವಾರ ತಿಂಡಿಯ ಹೊತ್ತಿಗೆ ಹರಿಣಿ ಅವನ್ನು ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿ ತಂದೆಯ ಮುಂದಿಟ್ಟಳು. ನಾಲ್ಕೂ ಗೋಡೆ ನಿಂತಿದ್ದವು. ಮುಂಭಾಗದ ಮಾಡು ಹೋಗಿತ್ತು, ನಿಜ. ಅಡುಗೆಮನೆಯ ಮೇಲಿನ ಹೆಂಚು ಹಾಗೇ ಇತ್ತು. ಹಿಂದಿನ ಕೋಣೆಯ ಬಾಗಿಲಿಗೆ ಬೀಗ ಕೂಡ ಇತ್ತು.

ಚಂದ್ರಮೋಹನ ಒಂದೊಂದನ್ನೂ ಹಿಂದೆ ಮುಂದೆ ಮಾಡಿ ನೋಡಿದ. ಉಪ್ಪಿಟ್ಟು ಆರಿತು. "ಗೋಡೆ ಇದ್ರೆ ಕಟ್ಟಡ ಇದೆ ಅಂತಲೇ ಅರ್ಥ," ಎಂದ ಕೊನೆಗೆ. "ದುರಸ್ತಿಯಲ್ಲಿದೆ ಅಂತ ಬರೀಬೇಕಿತ್ತು. ಇಲ್ಲ ಅಂತ ಅಲ್ಲ."

"ಪಪ್ಪಾ, ನೀವು ನೋಡೇ ಇರಲಿಲ್ವಲ್ಲ. ಕಿಸೀ ನೇ ಬೋಲಾ, ಯಾರೋ ಹೇಳಿದ್ದಕ್ಕೆ ನೀವು ಬರೆದ್ರಿ."

"ಹೌದು. ನೋಡದೆ ಬರೆದೆ."

ಮೂವತ್ತಾರು ವರ್ಷ ಕೈಕೆಳಗಿನವರ ಟಿಪ್ಪಣಿಗಳಲ್ಲಿ 'ಆಧಾರವೇನು?' ಎಂದು ಕೆಂಪು ಶಾಯಿಯಲ್ಲಿ ಬರೆದವನು ಅವನು. ಎದ್ದು ಬಾಲ್ಕನಿಗೆ ಹೋಗಿ ಒಣಗಿದ ಬಟ್ಟೆಗಳನ್ನು ತೆಗೆಯತೊಡಗಿದ. ಆ ಕೆಲಸ ಅವನು ಎಂದೂ ಮಾಡಿದವನಲ್ಲ. ಟವೆಲನ್ನು ನಾಲ್ಕು ಸಲ ಮಡಚಿ, ಬಿಚ್ಚಿ, ಮತ್ತೆ ಮಡಚಿದ್ದನ್ನು ಲೀಲಾ ಅಡುಗೆಮನೆಯ ಕಿಟಕಿಯಿಂದ ನೋಡಿದಳು.

ಈ ನಡುವೆ ಮನೆ ಹುಡುಕುವ ಕೆಲಸವೂ ನಡೆಯಬೇಕಿತ್ತು. ಅನುಮತಿ ಸಿಕ್ಕಿದ್ದರೂ ಕಟ್ಟಲು ವರ್ಷ ಬೇಕು. ಅಲ್ಲಿಯವರೆಗೆ ಕುಂದಾಪುರದಲ್ಲಿ ಬಾಡಿಗೆಗಿದ್ದು ಮೇಸ್ತ್ರಿಯ ಮೇಲೆ ಕಣ್ಣಿಡುವುದು ಮೊದಲಿನ ಯೋಚನೆ. ಈಗ ದೆಹಲಿಯಲ್ಲೇ ಎಲ್ಲಾದರೂ ನೆಲೆ ಬೇಕು. ಲೀಲಾ ಹರಿಣಿಯ ಜೊತೆ ಎರಡು ಶನಿವಾರ ಅಲೆದಳು. ಮುನಿರ್ಕಾದಲ್ಲಿ ಗಾಳಿಯಿಲ್ಲ, ದ್ವಾರಕಾ ಹರಿಣಿಗೆ ದೂರ. ಕರೋಲ್ ಬಾಗಿನ ದಲ್ಲಾಳಿಯೊಬ್ಬ ಮುದುಕರಿದ್ದಾರೆಂದು ಕೇಳಿದ ಕೂಡಲೇ ಫೋನ್ ಎತ್ತುವುದನ್ನೇ ಬಿಟ್ಟ. ಕೊನೆಗೆ ಓಖ್ಲಾಕ್ಕೆ ಹತ್ತಿರ, ಸರಿತಾ ವಿಹಾರದಲ್ಲಿ, ಮೊದಲ ಮಹಡಿಯ ಒಂದು ಫ್ಲ್ಯಾಟ್ ಸಿಕ್ಕಿತು. ಲೀಲಾ ಮುಂಗಡದ ಟೋಕನ್ ಕೊಡಲಿಲ್ಲ. ಕೊಟ್ಟರೆ ಊರಿನ ಮನೆಯ ಆಸೆ ಬಿಟ್ಟ ಹಾಗಾಗುತ್ತದೆ. ಸುದ್ದಿ ಅತ್ತೆಯ ಕಿವಿಗೆ ಬೀಳದೆ ಇರದು.

ಜುಲೈ ಮೂರರಂದು ಕುಂದಾಪುರದ ವಕೀಲ ಯೋಗೀಶ ಫೋನ್ ಮಾಡಿದ. ಚಂದ್ರಮೋಹನನ ಚಿಕ್ಕಪ್ಪನ ಮಗ. ಸ್ಪೀಕರಿನಲ್ಲಿ ಅವನು ಹೇಳಿದ್ದು ಇಷ್ಟು: ಫೋಟೊ ಒಳ್ಳೆಯ ಸಾಕ್ಷಿ, ಆದರೆ ಮಾಲೀಕರ ಸ್ವಂತ ಪತ್ರ ಎದುರಿಗಿರುವಾಗ ಫೋಟೊ ಗೆಲ್ಲುವುದಿಲ್ಲ. ಪತ್ರವೇ ಬೀಳಬೇಕು. ಬೀಳಿಸಲು ಒಂದೇ ದಾರಿ. ಪತ್ರದಲ್ಲಿ ಏನಿದೆಯೆಂದು ತಿಳಿಯದೆ ಸಹಿ ಮಾಡಿದೆ ಎಂದು ಸೀತಮ್ಮ ಪ್ರಮಾಣಪತ್ರ ಕೊಡಬೇಕು. ಕೊಟ್ಟರೆ ಸಮಿತಿ ಮತ್ತೆ ಸ್ಥಳ ನೋಡದೆ ವಿಧಿಯಿಲ್ಲ.

"ಹಾಗಂತ ಬರೆದ್ರೆ ಸುಳ್ಳಾಗೋದಿಲ್ವಾ?" ಎಂದ ಚಂದ್ರಮೋಹನ.

"ನಡೆದದ್ದೇ ಹಾಗೆ ಅಲ್ವಾ ಚಂದ್ರಣ್ಣ? ನೀವೇ ಹೇಳಿದ್ರಿ."

ಚಂದ್ರಮೋಹನ ಲೀಲಾಳ ಕಡೆ ನೋಡಿದ. ಹೌದೆಂದು ಅವಳು ತಲೆಯಾಡಿಸಿದಳು.

ಯೋಗೀಶ ಕರಡು ಕಳಿಸಿದ. ಹರಿಣಿ ಶನಿವಾರ ಅದನ್ನು ಛಾಪಾ ಕಾಗದದ ಮೇಲೆ ಮುದ್ರಿಸಿಕೊಂಡು ತಂದಳು. ಸೋಮವಾರ ನೋಟರಿ, ಅಂದೇ ಸ್ಪೀಡ್ ಪೋಸ್ಟ್, ಜೊತೆಗೆ ಈಮೇಲಿನಲ್ಲೂ ಒಂದು ಪ್ರತಿ. ಒಂಬತ್ತರೊಳಗೆ ತಲುಪುತ್ತದೆ. ಚಂದ್ರಮೋಹನ ಮತ್ತೆ ಹಳೆಯ ಹುರುಪಿಗೆ ಬಂದಿದ್ದ. ಫೋಟೊಗಳಿಗೆ ಕ್ರಮಸಂಖ್ಯೆ ಹಾಕಿ, ಪ್ರತಿಯೊಂದರ ಕೆಳಗೆ ದಿನಾಂಕ ಬರೆದ. ಆ ರಾತ್ರಿಯ ಊಟಕ್ಕೆ ಎರಡು ಚಪಾತಿ ಹೆಚ್ಚು ತಿಂದ.

ಭಾನುವಾರ ಮಧ್ಯಾಹ್ನ ಲೀಲಾ ಕೆಸುವಿನೆಲೆಯ ಪತ್ರೊಡೆ ಮಾಡಿದಳು. ಎಲೆ ಹುಡುಕಲು ಬೆಳಿಗ್ಗೆ ಮಂಡಿಗೆ ಹೋಗಿ, ತರಕಾರಿ ಭಯ್ಯಾನ ಹತ್ತಿರ ಮೂರು ಕಟ್ಟು ಗಿಟ್ಟಿಸಿದ್ದಳು. ಸೀತಮ್ಮ ತನ್ನ ಗಂಜಿಯನ್ನೇ ಉಂಡಳು. ಪತ್ರೊಡೆಯ ಒಂದು ಬಿಲ್ಲೆಯನ್ನು ತಟ್ಟೆಯ ಅಂಚಿಗೆ ಹಾಕಿಸಿಕೊಂಡು, ತಿನ್ನದೆ ಬಿಟ್ಟಳು. ತಟ್ಟೆಗಳನ್ನು ತೆಗೆದು ಮೇಜು ಒರೆಸಿದ ಮೇಲೆ ಚಂದ್ರಮೋಹನ ಛಾಪಾ ಕಾಗದ ತಂದಿಟ್ಟ. ಎಲ್ಲಿ ಸಹಿ ಮಾಡಬೇಕೋ ಅಲ್ಲಿ ಪೆನ್ಸಿಲಿನಿಂದ ಸಣ್ಣ ಗುರುತು ಹಾಕಿದ್ದ.

"ನೋಟರಿ ನಾಳೆ ಮನೆಗೇ ಬರ್ತಾನೆ. ಅವನ ಮುಂದೆ ಸಹಿ ಹಾಕಿದ್ರೆ ಆಯ್ತು. ಇವತ್ತು ಒಂದ್ಸಲ ಓದಿ ನೋಡ್ಕೋ."

"ನಾನು ಓದಿ ಹೇಳ್ಲಾ ಅಜ್ಜಿ?" ಎಂದಳು ಹರಿಣಿ.

"ಬೇಡ. ಭೂತಗನ್ನಡಿ ಕೊಡು."

ಸೀತಮ್ಮ ಗಟ್ಟಿಯಾಗಿಯೇ ಓದಿದಳು, ಶಾಲೆಯ ಮಗುವಿನಂತೆ ಬೆರಳಿಟ್ಟು. "'ನಾನು ಎಂಬತ್ತನಾಲ್ಕು ವರ್ಷ ಪ್ರಾಯದ, ಮಗನ ಆಶ್ರಯದಲ್ಲಿರುವ ವೃದ್ಧೆ. ಸದರಿ ಪತ್ರದ ಒಕ್ಕಣೆಯನ್ನು ನನ್ನ ಮಗ ಮತ್ತು ಸೊಸೆ ನನ್ನಿಂದ ಮುಚ್ಚಿಟ್ಟು, ಸುಳ್ಳು ಮಾಹಿತಿ ನೀಡಿ, ನನ್ನ ಅನಾರೋಗ್ಯದ ಸ್ಥಿತಿಯಲ್ಲಿ ಸಹಿ ಪಡೆದಿರುತ್ತಾರೆ.'"

ಬೆರಳು ಅಲ್ಲಿಯೇ ನಿಂತಿತು.

"ಇದನ್ನ ಯಾರ್ ಯಾರು ಓದ್ತಾರೆ?"

"ಸಮಿತಿಯವರು," ಎಂದ ಚಂದ್ರಮೋಹನ.

"ಮತ್ತೆ?"

"ಪಂಚಾಯ್ತಿಗೆ ಒಂದು ಪ್ರತಿ ಹೋಗುತ್ತೆ."

"ಅಂದ್ರೆ ಊರಿಗೆ."

"ಅಜ್ಜಿ, ಫಾರ್ಮ್ಯಾಲಿಟಿ ಹೈ ಬಸ್," ಎಂದಳು ಹರಿಣಿ. "ಎಲ್ರೂ ಹೀಗೇ ಬರೀತಾರೆ. ಫೈಲಲ್ಲಿ ಬಿದ್ದಿರುತ್ತೆ, ಯಾರೂ ನೋಡಲ್ಲ."

"ಫೈಲಲ್ಲಿ ಬಿದ್ದಿದ್ದ ಕಾಗದವೇ ಅಲ್ವಾ ಮಗಾ ಈಗ ಎದ್ದು ಬಂದದ್ದು?"

ಚಂದ್ರಮೋಹನ ಕುರ್ಚಿಯನ್ನು ತಾಯಿಯ ಹತ್ತಿರಕ್ಕೆ ಎಳೆದುಕೊಂಡ. ತನಗೇನೂ ಆಗುವುದಿಲ್ಲ, ಪಿಂಚಣಿಗೆ ಇದರಿಂದ ತೊಂದರೆಯಿಲ್ಲ, ತಾನು ವಿಚಾರಿಸಿದ್ದೇನೆ, ಎಂದು ಒಂದೊಂದಾಗಿ ಹೇಳಿದ. ಇದೊಂದು ಹಾಕಿದರೆ ಮುಂದಿನ ಮಳೆಗಾಲದೊಳಗೆ ಮಾಡು ಏರಿಸಬಹುದು ಎಂದ. ಅವನ ದನಿ ಕೊನೆಗೆ ಬೇಡುವ ದನಿಯಾಗಿತ್ತು. ಸೀತಮ್ಮ ಅವನನ್ನು ನೋಡಲಿಲ್ಲ, ಕಾಗದವನ್ನೇ ನೋಡುತ್ತಿದ್ದಳು.

ಲೀಲಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಮುಂದೆ ಬಂದು ಮೇಜಿನ ಅಂಚು ಹಿಡಿದಳು. "ಅದರಲ್ಲಿ ಬರೆದದ್ದು ನಿಜ ಅತ್ತೆ. ನಾನೇ ಸುಳ್ಳು ಹೇಳಿದ್ದು. ಯಾರು ಓದಿದ್ರೂ ಓದ್ಲಿ. ನೀವು ಹಾಕಿ."

"ನಿಜ ಅಂತ ನಂಗೂ ಗೊತ್ತುಂಟು," ಎಂದಳು ಸೀತಮ್ಮ. "ನಿಜ ಇದ್ದದ್ದನ್ನೆಲ್ಲ ಬರೆದು ಕೊಡ್ಲಿಕ್ಕೆ ನಾನು ನಿನ್ನ ಗಂಡ ಅಲ್ಲ."

ಹರಿಣಿಗೆ ನಗು ಬಂದುಬಿಟ್ಟಿತು. ತಂದೆಯ ಮುಖ ನೋಡಿ ನಿಲ್ಲಿಸಿದಳು.

"ಹಾಗಾದ್ರೆ ಮನೆ?" ಎಂದ ಚಂದ್ರಮೋಹನ.

"ಮನೆ ಬೇಕು. ಹದಿನಾರು ವರ್ಷದಿಂದ ಬೇಕು." ಅವಳು ಭೂತಗನ್ನಡಿಯನ್ನು ಕಾಗದದ ಮೇಲಿಟ್ಟಳು. "ನನ್ನ ಮಗ ಸೊಸೆ ಮೋಸಗಾರರು ಅಂತ ಪಂಚಾಯ್ತಿಗೆ ಬರೆದು ಕೊಡುವುದು. ಆಮೇಲೆ ಅದೇ ಊರಿಗೆ, ಅದೇ ಮಗ ಸೊಸೆಯ ಕೈ ಹಿಡ್ಕೊಂಡು ಹೋಗಿ ಇಳಿಯುವುದು. ಹಂಸಾ ಬಂದು ಮಾತಾಡಿಸಿದ್ರೆ ನಾನು ಯಾವ ಕಡೆ ನೋಡ್ಲಿ? ನೀನು ಅಂಗಡಿಗೆ ಹೋದ್ರೆ ಜನ ನಿನ್ನನ್ನ ಹೇಗೆ ನೋಡ್ತಾರೆ? ನಾನು ಸತ್ತ ಮೇಲೂ ನೀವು ಅಲ್ಲೇ ಇರ್ಬೇಕಲ್ಲ."

"ನಾನು ಅನುಭವಿಸ್ತೀನಿ. ನನ್ನ ತಪ್ಪು."

"ನೀನು ಅನುಭವಿಸ್ತಿ. ನೋಡ್ಕೊಂಡು ಇರ್ಬೇಕಾದವಳು ನಾನು." ಎದ್ದು ನಿಂತಳು. ಹರಿಣಿ ತೋಳು ಹಿಡಿಯಲು ಬಂದಾಗ ಬೇಡವೆಂದು ಕೈಯಾಡಿಸಿ, ಗೋಡೆ ಹಿಡಿದು ತನ್ನ ಕೋಣೆಗೆ ಹೋದಳು.

ಸಂಜೆ ಚಂದ್ರಮೋಹನ ಇನ್ನೊಮ್ಮೆ ಕೇಳಿದ. ಸೋಮವಾರ ಬೆಳಿಗ್ಗೆ ನೋಟರಿ ಬಂದು ಚಹಾ ಕುಡಿದು ಕೂತಿದ್ದಾಗ ಮತ್ತೊಮ್ಮೆ ಕೇಳಿದ. ಸೀತಮ್ಮ ಬಾಗಿಲು ಹಾಕಿಕೊಳ್ಳಲಿಲ್ಲ, ಸಿಟ್ಟು ಮಾಡಲಿಲ್ಲ. ಬೇಡ ಚಂದ್ರಾ, ಎಂದಷ್ಟೇ ಹೇಳಿದಳು. ನೋಟರಿಗೆ ಬಂದು ಹೋದ ಶುಲ್ಕ ಕೊಟ್ಟು ಕಳಿಸಿದರು. ಯೋಗೀಶ ಫೋನಿನಲ್ಲಿ ಬೇಸರ ಮಾಡಿಕೊಂಡ. ಹಿರಿಯರಿಗೆ ಸರಿಯಾಗಿ ವಿವರಿಸಬೇಕಿತ್ತು ಎಂದ. ವಿವರಿಸುವುದೇನೂ ಉಳಿದಿರಲಿಲ್ಲ. ಮಂಗಳವಾರ ಸಂಜೆ ಲೀಲಾ ಸರಿತಾ ವಿಹಾರದ ಫ್ಲ್ಯಾಟಿಗೆ ಟೋಕನ್ ಕೊಟ್ಟು ಬಂದಳು. ಈ ಸಲ ಅದನ್ನು ಬಾಗಿಲಲ್ಲೇ, ಎಲ್ಲರಿಗೂ ಕೇಳುವಂತೆ ಹೇಳಿದಳು.

ಜುಲೈ ಒಂಬತ್ತು ಬುಧವಾರ. ಬೆಳಿಗ್ಗೆಯಿಂದ ಮಳೆ ಬರುವಂತಿದ್ದು ಬರಲಿಲ್ಲ. ಹರಿಣಿ ಆಫೀಸಿಗೆ ಹೋದಳು. ಲೀಲಾ ಅಟ್ಟದ ಪಾತ್ರೆಗಳನ್ನು ಇಳಿಸಿ, ಕೊಡುವುದು, ಒಯ್ಯುವುದು ಎಂದು ಎರಡು ಗುಡ್ಡೆ ಮಾಡಿದಳು. ಸೀತಮ್ಮ ಅಡುಗೆಮನೆಯ ನೆಲದ ಮೇಲೆ ಮಣೆ ಹಾಕಿಕೊಂಡು ಕುಳಿತು ಹಿತ್ತಾಳೆ ತಂಬಿಗೆಗಳಿಗೆ ಹುಣಸೆಹುಳಿ ತಿಕ್ಕುತ್ತಿದ್ದಳು. ಚಂದ್ರಮೋಹನ ಗೋಡೆಗಳಿಗೆ ಹೊಡೆದ ಮೊಳೆಗಳನ್ನು ಕೀಳುತ್ತಿದ್ದ. ಕ್ವಾರ್ಟರ್ಸ್ ಒಪ್ಪಿಸುವಾಗ ಗೋಡೆ ಸರಿಯಿರಬೇಕು. ಕಿತ್ತ ತೂತುಗಳಿಗೆ ಬಿಳಿ ಪುಟ್ಟಿ ತುಂಬಿ, ಬೆರಳಿನಿಂದ ನಯ ಮಾಡುತ್ತಿದ್ದ.

ಐದೂವರೆಗೆ ಅವನು ಕೈ ತೊಳೆದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದ.

"ಕಚೇರಿ ಮುಚ್ತು," ಎಂದ.

ಸೀತಮ್ಮ ತಂಬಿಗೆಯನ್ನು ನೀರಿಗೆ ಹಿಡಿದು ತೊಳೆದು ಬೋರಲು ಹಾಕಿದಳು. "ಮುಚ್ಲಿ," ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಚಹಾ ಮಾಡ್ತಿಯಾ ಲೀಲಾ?" ಎಂದು ಕೇಳಿದಳು. ಇಪ್ಪತ್ತಮೂರು ದಿನದಲ್ಲಿ ಅವಳು ಸೊಸೆಯಿಂದ ಮಾಡಿಸಿಕೊಂಡದ್ದು ಅದೇ ಮೊದಲು. ಲೀಲಾ ಚಹಾಕ್ಕಿಟ್ಟಳು. ಸೀತಮ್ಮ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದಳು. ಕುಡಿಯುವಾಗ ಅವಳ ಗಂಟಲಿನಿಂದ ಒಂದು ಸದ್ದು ಬಂತು. ಬಿಸಿಗೆ ಇರಬೇಕೆಂದು ಲೀಲಾ ತಿರುಗಿ ನೋಡಿದಳು, ಬಿಸಿಗೆ ಅಲ್ಲ. ಮುದುಕಿ ಕಣ್ಣೊರೆಸಿಕೊಳ್ಳಲಿಲ್ಲ. ಚಹಾ ಮುಗಿಯುವವರೆಗೂ ಹಾಗೇ ಕುಡಿದಳು.

ಜುಲೈ ಇಪ್ಪತ್ತಾರರ ಶನಿವಾರ ಸಾಮಾನು ಹೊತ್ತ ಟೆಂಪೊ ಸರಿತಾ ವಿಹಾರಕ್ಕೆ ಬಂತು. ಸೀತಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಇಬ್ಬರು ಹಮಾಲರು ಮೊದಲ ಮಹಡಿಗೆ ಎತ್ತಿಕೊಂಡು ಹೋದರು. ಆರಾಮ್ ಸೇ ಭಯ್ಯಾ, ಎಂದು ಅವಳು ತನಗೆ ಗೊತ್ತಿದ್ದ ನಾಲ್ಕು ಹಿಂದಿ ಮಾತಿನಲ್ಲಿ ಅವರಿಗೇ ಧೈರ್ಯ ಹೇಳುತ್ತಿದ್ದಳು. ಮೂರು ಕೋಣೆಗಳಲ್ಲಿ ಒಂದು ಗಂಡ ಹೆಂಡಿರಿಗೆ, ಒಂದು ಹರಿಣಿಗೆ. ಅತ್ತೆಗೆ ಯಾವುದೆಂದು ಲೀಲಾ ಮೊದಲ ದಿನವೇ ನಿಶ್ಚಯಿಸಿ, ಅಲ್ಲಿ ಮಂಚ ಹಾಕಿಸಿ, ಕಿಟಕಿಯ ಗಾಜು ಎರಡು ಸಲ ಒರೆಸಿಟ್ಟಿದ್ದಳು.

"ಇದು ನಿಮ್ಮ ಕೋಣೆ ಅತ್ತೆ. ಕಿಟಕಿ ಪಡುವಣಕ್ಕೆ."

ಪಡುಗೋಳಿಯ ಮನೆಯ ಜಗಲಿಯೂ ಪಡುವಣಕ್ಕೇ ಇತ್ತು, ಕಡಲಿಗೆ ಮುಖ ಮಾಡಿ. ಸೀತಮ್ಮ ಕಿಟಕಿಯ ಸರಳು ಹಿಡಿದು ನಿಂತಳು. ಎದುರು ಬ್ಲಾಕಿನ ಹಿಂಬದಿ, ಸಾಲಾಗಿ ಎ.ಸಿ. ಪೆಟ್ಟಿಗೆಗಳು, ನೀರಿನ ಕಪ್ಪು ಟ್ಯಾಂಕು, ಅದರ ಮೇಲೆ ಸಂಜೆಯ ಬೆಳಕು. ಬಹಳ ಹೊತ್ತು ನೋಡಿದಳು. ಹೊರಗೆ ಚಂದ್ರಮೋಹನ ಟೆಂಪೊದವನ ಜೊತೆ ಸಾಮಾನಿನ ಪಟ್ಟಿ ತಾಳೆ ನೋಡುತ್ತಿದ್ದ ದನಿ ಕೇಳುತ್ತಿತ್ತು.

"ಬಿಸಿಲು ಬೀಳ್ತದೆ," ಎಂದಳು. "ನಂಗೆ ಆ ಕಡೆಯ ಕೋಣೆ ಕೊಡು."

"ಅದರಲ್ಲಿ ಕಿಟಕಿ ತೆಗೆದ್ರೆ ಮೆಟ್ಟಿಲ ಗೋಡೆ ಅತ್ತೆ. ಏನೂ ಕಾಣ್ಸೋದಿಲ್ಲ."

"ಆಗ್ಲಿ."

ಲೀಲಾ ಪರದೆಯ ಮಾತೆತ್ತದೆ ಮಂಚದ ಮೇಲಿನ ಹಾಸಿಗೆ ಸುತ್ತಿದಳು. ಹರಿಣಿಯ ಪೆಟ್ಟಿಗೆಗಳನ್ನು ಈ ಕೋಣೆಗೆ ತಂದರು. ಮಂಚದ ಒಂದು ತುದಿಯನ್ನು ಚಂದ್ರಮೋಹನ ಹಿಡಿದ, ಇನ್ನೊಂದನ್ನು ಲೀಲಾ. ಹಾಲಿನ ಮೂಲಕ ಓರೆಯಾಗಿ ಸಾಗಿಸಿ, ಆ ಕಡೆಯ ಕೋಣೆಯಲ್ಲಿ ಗೋಡೆಗೆ ಸೇರಿಸಿ ಇಟ್ಟರು. ಲೀಲಾ ಹಾಸಿಗೆ ಹಾಸಿದಳು. ಸೀತಮ್ಮ ಬಂದು ಕೂತು, ಕಿಟಕಿಯಾಚೆಯ ಸುಣ್ಣದ ಗೋಡೆಯನ್ನು ಒಮ್ಮೆ ನೋಡಿ, ಸಾಕು ಎಂದಳು.